ಕಾರಮ್ಮನ ಕಾರಿಗೆ ಕಡಲಾಚೆಯ ಗಿರಾಕಿ

೪ ಮಾರ್ಚ್

ಕಡಲಾಚೆಯ ಕಳ್ಳರಿಗೆ,

ನಮಸ್ಕಾರ. ಕಾಗದಕ್ಕೆ ಕೂತರೆ ಈ ಪದ ತಾನಾಗಿ ಬಂದುಬಿಡುತ್ತದೆ, ನೀವು ಅದಕ್ಕೆ ಯೋಗ್ಯರೆಂದಲ್ಲ. ನಿಮ್ಮ ಹೆಸರನ್ನು ಲಕೋಟೆಯ ಮೇಲೆ ಒಂದು ಸಲ ಬರೆದದ್ದೇ ಸಾಕು, ಇಲ್ಲಿ ಬರೆಯಲು ಪೆನ್ನು ಒಪ್ಪುತ್ತಿಲ್ಲ. ನೀವು ಕೊಟ್ಟ ವಿಳಾಸವೂ ಸುಳ್ಳಾಗಿದ್ದರೆ ಇದು ಯಾರಾದರೂ ಮರ್ಯಾದಸ್ಥರ ಕೈಗೆ ಸಿಗಲಿ. ಅವರಾದರೂ ಓದಿಕೊಳ್ಳಲಿ.

ನಾನು ಯಾರೆಂದು ಮರೆತಿರಬಹುದು, ದಿನಕ್ಕೆ ಎಷ್ಟು ಜನರ ಕಿವಿಗೆ ಹೂ ಇಡುತ್ತೀರೋ. ಮದುವೆಗಳಿಗೆ ಹಳೇ ಕಾರನ್ನು ಬಾಡಿಗೆಗೆ ಓಡಿಸುವವಳು ನಾನು. ಕೆನೆ ಬಣ್ಣದ, ಮೂತಿ ಉದ್ದದ, ನಾಲ್ಕು ಬಾಗಿಲಿನ ಕಾರು. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಯಾರದೋ ಹಿತ್ತಿಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಅದನ್ನು ತಂದು, ಒಂದೊಂದೇ ಬೋಲ್ಟು ಬಿಚ್ಚಿ ತೊಳೆದು, ರಸ್ತೆಗೆ ಇಳಿಸಿದೆ. ನಮ್ಮ ಬೀದಿಯಲ್ಲಿ ನನ್ನನ್ನು ಕಾರಮ್ಮ ಎನ್ನುತ್ತಾರೆ. ನನ್ನ ಬಾಯಿಯ ಪರಿಚಯ ಇರುವವರು ಮೊದಲ ಅಕ್ಷರವನ್ನು ಒತ್ತಿ ಖಾರಮ್ಮ ಎನ್ನುತ್ತಾರೆ. ನಿಮಗೆ ಎರಡನೆಯದೇ ತಿಳಿದಿರಲಿ.

ಮಂಡಿನೋವಿಗೆ ಅದರ ಗಟ್ಟಿ ಕ್ಲಚ್ಚು ಒಗ್ಗುತ್ತಿಲ್ಲವೆಂದು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕಿಟ್ಟೆ. ನನ್ನ ಜೊತೆಗೇ ಇರುವ ನಾದಿನಿ, ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ನಡೆಸುವವಳು, ಫೋಟೋ ತೆಗೆದು ಹಾಕಿದಳು. ಮರುದಿನವೇ ನಿಮ್ಮ ಸಂದೇಶ. ನಮ್ಮ ಭಾಷೆಯಲ್ಲೇ. ಹೊರದೇಶದಲ್ಲಿ ನೆಲೆಸಿದವರು, ಹಲ್ಲಿನ ಸೆಟ್ಟು ಮಾಡುವವರು, ಹಳೇ ಕಾರುಗಳ ಸಂಘದ ಕಾರ್ಯದರ್ಶಿ. ಚೌಕಾಸಿ ಮಾಡಲಿಲ್ಲ. ಕಾರನ್ನು ಯಾರಿಂದಲಾದರೂ ನೋಡಿಸಬೇಕೆಂದೂ ಹೇಳಲಿಲ್ಲ. "ನಿಮ್ಮ ಮಾತೇ ಸಾಕು ಅಮ್ಮ" ಎಂದು ಫೋನಿನಲ್ಲಿ ಬೆಣ್ಣೆ ಹಚ್ಚಿದಿರಿ. ಬ್ಯಾಂಕ್ ಡ್ರಾಫ್ಟು ಬಂತು, ಬೆಲೆಗಿಂತ ಬಹಳ ಹೆಚ್ಚಿನ ಮೊತ್ತಕ್ಕೆ. ಹಡಗಿನ ಏಜೆಂಟನ ಖರ್ಚೂ ಅದರಲ್ಲೇ ಸೇರಿದೆ, ಆ ಭಾಗವನ್ನು ಅವನಿಗೆ ದಾಟಿಸಿ ಎಂದಿರಿ. ಖಾತೆಯಲ್ಲಿ ಹಣ ಕಾಣಿಸಿತು. ದಾಟಿಸಿದೆ. ಆಮೇಲೆ ಡ್ರಾಫ್ಟೇ ಖೋಟಾ ಎಂದು ಬ್ಯಾಂಕು ತಾನು ಬರೆದುಕೊಂಡದ್ದನ್ನೆಲ್ಲ ಹಿಂದಕ್ಕೆ ಎಳೆದುಕೊಂಡಿತು. ಏಜೆಂಟನಿಗೆ ಹೋದದ್ದು ಮಾತ್ರ ನನ್ನ ಸ್ವಂತ ಬೆವರು.

ಅದು ತಿಳಿದ ಮಾರನೆಯ ಬೆಳಿಗ್ಗೆ ಕಾರು ಒಯ್ಯಲು ಲಾರಿ ಬಂತು. ಎಷ್ಟು ಧೈರ್ಯ ನಿಮಗೆ. ಲಾರಿಯವನನ್ನು ನಾನು ಹೇಗೆ ಕಳಿಸಿಕೊಟ್ಟೆ ಎಂಬುದನ್ನು ನಮ್ಮ ಬೀದಿಯ ಯಾರೂ ಇನ್ನೂ ಮರೆತಿಲ್ಲ.

ಈ ಕಾಗದವನ್ನು ಪಕ್ಕದ ಮನೆಯ ಟೀಚರಮ್ಮನ ಕೈಯಲ್ಲಿ ನಿಮ್ಮ ದೇಶದ ಭಾಷೆಗೆ ತರ್ಜುಮೆ ಮಾಡಿಸಿ, ಒಂದು ಪ್ರತಿಯನ್ನು ನಿಮ್ಮ ಸಂಘಕ್ಕೂ ಕಳಿಸಿದ್ದೇನೆ. ಕಾರು ನನ್ನ ಬಳಿಯೇ ಇದೆ. ಅದನ್ನು ಹೇಳಲಿಕ್ಕೇ ಇಷ್ಟು ಬರೆದೆ.

ಕಾರಮ್ಮ


೨೨ ಮಾರ್ಚ್

ಮಾನ್ಯರೇ,

ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಈ ಭಾಷೆಯಲ್ಲಿ ಬೈದವರು ನೀವೇ ಮೊದಲು. ಬೈಗುಳ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಯಾಕೆ ಬೈಯುತ್ತಿದ್ದೀರಿ ಎಂದು ತಿಳಿಯಲು ಎರಡು ಸಲ ಓದಬೇಕಾಯಿತು.

ಹೆಸರು ನನ್ನದು. ವಿಳಾಸ ನನ್ನದು. ಕಸುಬೂ ನನ್ನದೇ. ಉಳಿದ ಯಾವುದೂ ನನ್ನದಲ್ಲ. ನಾನು ನಿಮಗೆ ಸಂದೇಶ ಕಳಿಸಿಲ್ಲ, ಡ್ರಾಫ್ಟು ಕಳಿಸಿಲ್ಲ, ಲಾರಿ ಕಳಿಸಿಲ್ಲ. ನಮ್ಮ ಸಂಘದ ವೆಬ್‌ಸೈಟಿನಲ್ಲಿ ನನ್ನ ಫೋಟೋ, ಹೆಸರು, ವಿಳಾಸ ಎಲ್ಲವೂ ಇತ್ತು. ಯಾವನೋ ಅದನ್ನು ಎತ್ತಿ ಅಂಗಿಯಂತೆ ತೊಟ್ಟುಕೊಂಡಿದ್ದಾನೆ. ನಿಮಗಿಂತ ಮುಂಚೆ ಇಬ್ಬರು ಹೀಗೆಯೇ ಬರೆದರು. ಕಳೆದ ತಿಂಗಳು ಪೊಲೀಸರು ಬಂದು, ನಾನು ಒಬ್ಬ ಮುದುಕನ ಕೆಳಗಿನ ದವಡೆಗೆ ಹಲ್ಲು ಕೂರಿಸುತ್ತಿರುವಾಗ, ಕೈ ತೊಳೆದುಕೊಂಡು ಠಾಣೆಗೆ ಬನ್ನಿ ಎಂದರು. ಆ ಸೆಟ್ಟಿನ ಮೇಣ ಆರಿ ಹಾಳಾಯಿತು. ಇದಕ್ಕೆ ಯಾರನ್ನು ಬೈಯಲಿ?

ಇನ್ನೊಂದು ಮಾತು ಕೇಳಲೇಬೇಕು. ಕಾರು ನೋಡದೆ, ಬೆಲೆ ಕೆದಕದೆ, ಬೆಲೆಗಿಂತ ಹೆಚ್ಚು ಕೊಡುವ ಗಿರಾಕಿ ಭೂಮಿಯ ಮೇಲೆ ಇರುತ್ತಾನೆ ಎಂದು ನಿಮಗೆ ಹೇಗೆ ಅನಿಸಿತು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಆಸೆ ಸ್ವಲ್ಪ ಕಡಿಮೆ ಇದ್ದಿದ್ದರೆ ನನ್ನ ಹೆಸರೂ ನಿಮ್ಮ ಹಣವೂ ಉಳಿಯುತ್ತಿದ್ದವು.

ಅವನು ಕಳಿಸಿದ ಎಲ್ಲದರ ಪ್ರತಿ ನನಗೆ ಬೇಕು. ನನ್ನ ಕೆಲಸದ ಕೋಣೆಯ ಫೋನ್ ನಂಬರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅದನ್ನೂ ನಂಬಬೇಡಿ. ದೂರವಾಣಿ ವಿಚಾರಣೆಯವರನ್ನು ಕೇಳಿ ನೀವೇ ಪತ್ತೆಮಾಡಿ, ನೀವೇ ಫೋನ್ ಮಾಡಿ.

ಹಲ್ಲು ಕಟ್ಟುವವನು


೭ ಏಪ್ರಿಲ್

ಹಲ್ಲಿನವರಿಗೆ,

ಫೋನ್ ಮಾಡಿದವಳು ನಾನೇ. ನೀವು "ಹೇಳಿ, ಯಾರು" ಎಂದು ಕೆಮ್ಮಿದಿರಿ, ನಾನು ಇಟ್ಟುಬಿಟ್ಟೆ. ಕಳ್ಳನ ಗಂಟಲು ಎಣ್ಣೆಯಲ್ಲಿ ಅದ್ದಿದಂತಿತ್ತು. ನಿಮ್ಮದು ತುಕ್ಕು ಹಿಡಿದ ಕೀಲು. ನೀವು ಅವನಲ್ಲ ಎಂಬುದನ್ನು ಅಷ್ಟರ ಮಟ್ಟಿಗೆ ಒಪ್ಪಿದ್ದೇನೆ.

ಆದರೆ "ಆಸೆ" ಎಂಬ ಮಾತನ್ನು ಒಪ್ಪುವುದಿಲ್ಲ. ಹೆಚ್ಚಿಗೆ ಬಂದ ಹಣವನ್ನು ಇಟ್ಟುಕೊಳ್ಳುವ ಆಸೆ ಇದ್ದಿದ್ದರೆ ನಾನು ಯಾರಿಗೂ ದಾಟಿಸುತ್ತಿರಲಿಲ್ಲ, ಕಳ್ಳನೇ ಬೇಸ್ತು ಬೀಳುತ್ತಿದ್ದ. ನನ್ನದಲ್ಲದ್ದು ನನ್ನಲ್ಲಿ ಇರಬಾರದೆಂದು ಅವಸರದಲ್ಲಿ ಕಳಿಸಿದ್ದಕ್ಕೇ ಸಿಕ್ಕಿಬಿದ್ದೆ. ನಿಯತ್ತಿನವರಿಗೇ ಹಾಕುವ ಗಾಳ ಅದು. ದೂರದಲ್ಲಿ ಕೂತು ಬುದ್ಧಿ ಹೇಳುವವರಿಗೆ ಇದು ಹೊಳೆಯುವುದಿಲ್ಲ.

ಬ್ಯಾಂಕಿನವನು ಏನು ಹೇಳಿದ ಗೊತ್ತೇ? "ಖಾತೇಲಿ ಕಾಣಿಸ್ತು ಅಂದ್ರೆ ಬಂತು ಅಂತ ಅಲ್ಲ ಮೇಡಂ." ಹಾಗಾದರೆ ಕಾಣಿಸಿದ್ದು ಯಾಕೆ? ಜಾಹೀರಾತು ಹಾಕಿಸಿಕೊಂಡ ವೆಬ್‌ಸೈಟಿನವರು, ತಾವು ಬರೀ ಸಂತೆಯ ಜಾಗ ಬಾಡಿಗೆಗೆ ಕೊಡುವವರು, ವ್ಯಾಪಾರ ನಿಮ್ಮ ನಿಮ್ಮಲ್ಲೇ ಎಂದು ಬರೆದರು. ಜಾಹೀರಾತಿಗೆ ಹಣ ತೆಗೆದುಕೊಳ್ಳುವಾಗ ಅವರು ಜಾಗ ಕೊಡುವವರಾಗಿರಲಿಲ್ಲ, ನನ್ನ ಆಪ್ತಮಿತ್ರರಾಗಿದ್ದರು.

ಎಲ್ಲದರ ಪ್ರತಿ ಲಕೋಟೆಯಲ್ಲಿದೆ. ನನ್ನ ಬ್ಯಾಂಕ್ ಪಾಸ್‌ಬುಕ್ಕಿನ ನಂಬರುಗಳ ಮೇಲೆ ಮಸಿ ಬಳಿದಿದ್ದೇನೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ನಗಬೇಡಿ.

ಕಾರಮ್ಮ


೨೪ ಏಪ್ರಿಲ್

ಕಾರಮ್ಮನವರಿಗೆ,

ನಗಲಿಲ್ಲ. ನಿಯತ್ತಿನವರಿಗೆ ಹಾಕುವ ಗಾಳ ಎಂಬ ಮಾತನ್ನು ಪೊಲೀಸರಿಗೂ ಹೇಳಿದೆ, ಬರೆದುಕೊಂಡರು. ಆಸೆ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನೀವು ಕಳಿಸಿದ ಪ್ರತಿಗಳಲ್ಲಿ ನಿಮ್ಮ ಕಾರಿನ ಫೋಟೋಗಳೂ ಇದ್ದವು. ಅವನ್ನು ಕೆಲಸದ ಮೇಜಿನ ಮೇಲೆ ಇಟ್ಟುಕೊಂಡು ಮೂರು ದಿನ ಹಲ್ಲಿನ ಸೆಟ್ಟು ಉಜ್ಜಿದೆ. ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ, ನೇರವಾಗಿಯೇ ಹೇಳುತ್ತೇನೆ. ಇದೇ ಮಾದರಿಯ ಕಾರನ್ನು ನನ್ನ ಅಪ್ಪ ಒಬ್ಬ ಗಿರಣಿ ಯಜಮಾನರಿಗಾಗಿ ಓಡಿಸುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಅದನ್ನು ಒರೆಸುವಾಗ ನಾವು ಮಕ್ಕಳು ಸುತ್ತ ನಿಲ್ಲುತ್ತಿದ್ದೆವು. ಒಂದು ದಿನವೂ ಒಳಗೆ ಕೂರಿಸಲಿಲ್ಲ. "ನಮ್ಮದಲ್ಲ ಮಗಾ" ಎನ್ನುತ್ತಿದ್ದರು. ಯಜಮಾನರ ನಾಯಿ ಮಾತ್ರ ಕೂತು ಹೋಗುತ್ತಿತ್ತು. ಆ ನಾಯಿಯ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಕಾರು ಇನ್ನೂ ಮಾರಾಟಕ್ಕಿದ್ದರೆ, ನೀವು ಜಾಹೀರಾತಿನಲ್ಲಿ ಹಾಕಿದ್ದ ಬೆಲೆಗೇ ನಾನು ಕೊಳ್ಳುತ್ತೇನೆ.

ಹಲ್ಲು ಕಟ್ಟುವವನು


೯ ಮೇ

ಹಲ್ಲಿನವರಿಗೆ,

ನಿಮ್ಮ ಕಾಗದ ಓದಿ ನಾದಿನಿಗೆ ಕಣ್ಣಲ್ಲಿ ನೀರು ಬಂತು. ನನಗೆ ಮೈಯೆಲ್ಲ ಉರಿಯಿತು. ಕಚ್ಚಿದ ಹಾವೇ ಆಮೇಲೆ ಔಷಧಿಯ ಬುಟ್ಟಿ ಹೊತ್ತುಕೊಂಡು ಬಾಗಿಲಿಗೆ ಬಂದರೆ ನೀವಾದರೂ ಏನು ಮಾಡುತ್ತೀರಿ? ಮೊದಲು ಬೇರೆಯವನಾಗಿ ಮೋಸ, ಆಮೇಲೆ ಒಳ್ಳೆಯವನಾಗಿ ಪತ್ರ, ಆಮೇಲೆ ಅಪ್ಪನ ಕಥೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅದನ್ನು ಕಲಿಯಲು ನಾನು ದುಬಾರಿ ಫೀಸು ಕಟ್ಟಿದ್ದೇನೆ.

ಆದರೂ ಕಾರು ಮಾರಬೇಕಾದದ್ದು ನಿಜ. ಆದ್ದರಿಂದ ನನ್ನ ಷರತ್ತು ಕೇಳಿ. ಡ್ರಾಫ್ಟು, ಚೆಕ್ಕು ಯಾವುದೂ ಬೇಡ. ನಿಮ್ಮ ಬ್ಯಾಂಕಿನಿಂದ ನನ್ನ ಬ್ಯಾಂಕಿಗೆ ನೇರವಾಗಿ ಹಣ ಬರಬೇಕು, ಒಪ್ಪಿದ ಬೆಲೆ ಎಷ್ಟೋ ಅಷ್ಟೇ. ಇನ್ನು ಇದನ್ನು ಯಾರೂ ಹಿಂದಕ್ಕೆ ಎಳೆಯಲಾರರು ಎಂದು ನಮ್ಮ ಮ್ಯಾನೇಜರು ಬರೆದು ಸಹಿ ಹಾಕಿ ಕೊಡುವ ತನಕ ಕಾರು ಶೆಡ್ಡಿನಿಂದ ಕದಲುವುದಿಲ್ಲ, ಕಾರಿನ ಒರಿಜಿನಲ್ ಆರ್‌ಸಿ ಬುಕ್ಕು ನನ್ನ ಬೀರು ಬಿಟ್ಟು ಹೊರಬರುವುದಿಲ್ಲ. ಹಡಗಿನ ಏಜೆಂಟನನ್ನು ನಾನು ಹುಡುಕುತ್ತೇನೆ, ಅವನ ಕಚೇರಿಗೆ ನಾನೇ ಹೋಗಿ ಮುಖ ನೋಡುತ್ತೇನೆ, ಅವನ ಹಣವನ್ನು ನೀವು ಅವನಿಗೇ ಕೊಡಬೇಕು. ನನ್ನ ಕೈ ಮೂಲಕ ಒಂದು ಕಾಸೂ ಹಾಯಬಾರದು. ನಿಮ್ಮ ಬಗ್ಗೆ ನಿಮ್ಮ ಸಂಘದವರೂ ನಾಲ್ಕು ಸಾಲು ಬರೆದುಕೊಡಬೇಕು. ಅವರನ್ನು ನಾನೇ ಕೇಳಿಕೊಳ್ಳುತ್ತೇನೆ.

ಸಿಟ್ಟು ಬಂದರೆ ಬರಲಿ.

ಕಾರಮ್ಮ


೨೬ ಮೇ

ಕಾರಮ್ಮನವರಿಗೆ,

ಬಂತು. ಈ ವಯಸ್ಸಿನಲ್ಲಿ ಯಾರೂ ನನ್ನನ್ನು ಹಾವೆಂದಿರಲಿಲ್ಲ. ಪತ್ರ ಹರಿಯಬೇಕೆಂದುಕೊಂಡೆ. ಆಮೇಲೆ ಷರತ್ತುಗಳನ್ನು ಒಂದೊಂದಾಗಿ ಓದಿದೆ. ಒಂದರಲ್ಲೂ ತಪ್ಪು ಕಾಣಿಸಲಿಲ್ಲ, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಎಲ್ಲ ಒಪ್ಪಿದ್ದೇನೆ. ಸಂಘದವರ ಮಾತು ಮಾತ್ರ ಅಗತ್ಯವಿದೆಯೇ, ಯೋಚಿಸಿ. ಅವರು ಪತ್ರಗಳಿಗೆ ಉತ್ತರ ಕೊಡುವುದರಲ್ಲಿ ನಿಧಾನ.

ನನ್ನದೂ ಒಂದು ಷರತ್ತಿದೆ. ಬಂದರಿನಲ್ಲಿ ವಾಹನ ಪರೀಕ್ಷೆ ಮಾಡುವ ಒಂದು ಕಂಪನಿಗೆ ಬರೆದಿದ್ದೇನೆ. ಅವರ ಸರ್ವೇಯರು ಬಂದು ಕಾರನ್ನು ನೋಡಿ ನನಗೆ ವರದಿ ಕೊಡಲಿ. ನಿಮ್ಮ ಮಾತೇ ಸಾಕು ಎಂದು ಹೇಳುವವನು ನಾನಲ್ಲ.

ಹಲ್ಲು ಕಟ್ಟುವವನು


೧೫ ಜೂನ್

ಕಾರಮ್ಮನವರಿಗೆ,

ನಿಮ್ಮಿಂದ ಪತ್ರವಿಲ್ಲ, ಸರ್ವೇಯರರ ವರದಿ ಬಂದಿದೆ. ಎಂಜಿನ್ ಉತ್ತಮ. ಚಾಸಿಸ್ ನಂಬರು ಸರಿ. ಎಡಗಡೆ ಹಿಂದಿನ ಬಾಗಿಲಿನಿಂದ ಮಡ್‌ಗಾರ್ಡಿನ ತನಕ ಉದ್ದಕ್ಕೆ ಆಳವಾದ ಗೀರು. ಅದರೊಳಗೆ ಸೀಮೆಸುಣ್ಣ ತುಂಬಿ, ಮೇಲೆ ಕೆನೆ ಬಣ್ಣ ತೀಡಿ ಮರೆಮಾಡಲಾಗಿದೆ. ಒದ್ದೆ ಬಟ್ಟೆ ತಗುಲಿದ ಕೂಡಲೇ ಬಿಟ್ಟುಕೊಂಡಿತು.

ನಿಮ್ಮ ಜಾಹೀರಾತನ್ನು ಮತ್ತೆ ತೆಗೆದು ನೋಡಿದೆ. "ಒಂದು ಗೀರೂ ಇಲ್ಲ" ಎಂದಿದೆ. ಫೋಟೋಗಳನ್ನೂ ನೋಡಿದೆ. ಮುಂದಿನಿಂದ, ಹಿಂದಿನಿಂದ, ಬಲದಿಂದ. ಎಡಗಡೆಯದು ಒಂದೂ ಇಲ್ಲ.

ಗೀರು ದೊಡ್ಡ ವಿಷಯವಲ್ಲ. ನಾನು ಹಲ್ಲಿನ ಬಿರುಕು ಮುಚ್ಚುವವನು, ಕಾರಿನ ಬಿರುಕಿಗೆ ಹೆದರುವುದಿಲ್ಲ. ಆದರೆ ನೀವು ನನ್ನನ್ನು ಕಳ್ಳನೆಂದಿರಿ, ಹಾವೆಂದಿರಿ, ಬ್ಯಾಂಕಿನವರಿಂದ ಸಹಿ ಕೇಳಿದಿರಿ. ಅದೇ ಕೈಯಿಂದ ಸೀಮೆಸುಣ್ಣ ತುಂಬುತ್ತಿದ್ದಿರಾ? ಉತ್ತರ ಕೊಡಿ.

ಹಲ್ಲು ಕಟ್ಟುವವನು


೧ ಜುಲೈ

ಹಲ್ಲಿನವರಿಗೆ,

ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆದಿದ್ದೆ. ಗೀರೇ ಇಲ್ಲ, ನಿಮ್ಮ ಸರ್ವೇಯರು ಸುಳ್ಳುಗಾರ, ಬೆಲೆ ಇಳಿಸಲು ಇಬ್ಬರೂ ಸೇರಿ ಹೂಡಿದ ಆಟ ಎಂದೆಲ್ಲ. ಒಳ್ಳೇ ಕಾಗದವಾಗಿತ್ತು. ಅಂಚೆಗೆ ಹಾಕುವ ಮುಂಚೆ, ಬೈಯುವುದಕ್ಕೆ ಇನ್ನಷ್ಟು ಬಲ ಬರಲೆಂದು ಶೆಡ್ಡಿಗೆ ಹೋಗಿ ಎಡಗಡೆ ನಿಂತು ನೋಡಿದೆ. ನುಣ್ಣಗಿತ್ತು. ಬಾಗಿಲ ಮೇಲೆ ಕೈ ಎಳೆದೆ. ಬೆರಳು ಒಂದು ಕಾಲುವೆಯೊಳಗೆ ಇಳಿಯಿತು. ಅಂಗೈ ತುಂಬ ಬಿಳೀ ಹುಡಿ.

ನಾದಿನಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು.

"ಅತ್ತಿಗೆ, ಅದು ನೀವೇ ಉಜ್ಜಿದ್ದು. ಆ ದೊಡ್ಡ ಕಲ್ಯಾಣಮಂಟಪದ ಗೇಟಿಗೆ. ವಾದ್ಯದ ಗಲಾಟೆಲಿ ನಿಮಗೆ ಕೇಳಿಸ್ಲಿಲ್ಲ."

"ಕೇಳಿಸ್ಲಿಲ್ಲ ಸರಿ. ಕಾಣಿಸ್ಲಿಲ್ವಾ ನಂಗೆ?"

ಅವಳು ಸೆರಗಿನಿಂದ ನನ್ನ ಅಂಗೈಯ ಹುಡಿ ಒರೆಸಿದಳು. ಆಮೇಲೆ, "ಎಡಗಡೆಯಿಂದ ಬಂದಿದ್ದು ನಿಮಗೆ ಈಗೀಗ ಏನೂ ಕಾಣ್ಸೋದಿಲ್ಲ ಅತ್ತಿಗೆ" ಎಂದಳು.

ಒಂದೊಂದಾಗಿ ಹೊರಬಂತು. ತಟ್ಟೆಯ ಎಡಭಾಗದಲ್ಲಿ ಬಡಿಸಿದ್ದು ಹಾಗೆಯೇ ಉಳಿಯುತ್ತದಂತೆ. ಆ ಕಡೆಯಿಂದ ಬಂದು ಮಾತಾಡಿಸಿದರೆ ಬೆಚ್ಚಿ ಬೀಳುತ್ತೇನಂತೆ. ಸೀಮೆಸುಣ್ಣ ತುಂಬಿದವಳು ಅವಳು. ಎಡಗಡೆಯದನ್ನು ಬಿಟ್ಟು ಉಳಿದ ಫೋಟೋಗಳನ್ನಷ್ಟೇ ಹಾಕಿದವಳು ಅವಳು. ನಾನು ಮಾರುಕಟ್ಟೆಗೆ ಹೋಗುವ ಹೊತ್ತು ನೋಡಿ ಸರ್ವೇಯರನ್ನು ಕರೆಸಿ, ಅವನು ಒರೆಸಿದ ಜಾಗಕ್ಕೆ ಮತ್ತೆ ತುಂಬಿದವಳೂ ಅವಳೇ. ನಿಮ್ಮ ಮಂಡಿ, ನಿಮ್ಮ ಮಂಡಿ ಎಂದು ದಿನಾ ಗೊಣಗಿ ಕಾರು ಮಾರುವ ಯೋಚನೆಯನ್ನು ನನ್ನ ತಲೆಗೆ ಹಾಕಿದ್ದೂ ಅದಕ್ಕೇ. ಕಣ್ಣಿನ ವಿಷಯ ಹೇಳಲು ಬಾಯಿ ಬರಲಿಲ್ಲವಂತೆ. ಎದುರು ಮನೆಯ ಟೈಲರ್‌ಗೆ ಗೊತ್ತಿತ್ತು. ಟೀಚರಮ್ಮನಿಗೆ ಗೊತ್ತಿತ್ತು. ಬ್ರೆಡ್ಡಿನವನು ವಾರದಿಂದ ವಾರಕ್ಕೆ ತನ್ನ ಸೈಕಲ್ಲನ್ನು ನನ್ನ ಗೇಟಿನ ಎಡಗಡೆಯಿಂದ ಬಲಗಡೆಗೆ ಸರಿಸಿಕೊಂಡಿದ್ದ. ಇಡೀ ಬೀದಿಗೆ ನನ್ನ ಕಣ್ಣು ಗೊತ್ತಿತ್ತು, ನನ್ನನ್ನು ಬಿಟ್ಟು.

ಎಂಥ ಕರುಣೆ ಇದು ಸ್ವಾಮಿ? ನಾನು ಜನರ ಮಕ್ಕಳನ್ನು ಕೂರಿಸಿಕೊಂಡು ಗಾಡಿ ಓಡಿಸುತ್ತಿದ್ದವಳು. ಗೇಟಿನ ಬದಲು ಅಲ್ಲಿ ಯಾರಾದರೂ ನಿಂತಿದ್ದರೆ? ನನ್ನ ಮನಸ್ಸು ನೋಯದಿರಲೆಂದು ಬಾಯಿಗೆ ಬೀಗ ಹಾಕಿಕೊಂಡವರೆಲ್ಲರ ಮೇಲೆ ಕೂಗಾಡಿದೆ. ನಾದಿನಿಯ ಜೊತೆ ಒಂದು ವಾರ ಮಾತು ಬಿಟ್ಟೆ. ಆ ವಾರ ನನ್ನ ಬಟ್ಟೆಗಳಿಗೆ ಬಿದ್ದ ಇಸ್ತ್ರಿಯಂಥದ್ದು ಯಾವತ್ತೂ ಬಿದ್ದಿರಲಿಲ್ಲ.

ಕಣ್ಣಿನ ಡಾಕ್ಟರು ನೋಡಿದರು. ಒಳಗಿನ ಒತ್ತಡ ಏರಿ ಎಡಗಣ್ಣಿನ ಅಂಚಿನ ನೋಟ ಹೋಗಿದೆ. ಹೋದದ್ದು ಹಿಂದಿರುಗುವುದಿಲ್ಲ. ಉಳಿದದ್ದು ಉಳಿಯಬೇಕಾದರೆ ಬೇಗ ಆಪರೇಷನ್ ಆಗಬೇಕು, ಇನ್ನು ಗಾಡಿ ಮುಟ್ಟಬೇಡಿ, ಇನ್ನಷ್ಟು ತಡವಾಗಿದ್ದರೆ ಆ ಕಣ್ಣಿಗೆ ಎಳ್ಳುನೀರು ಬಿಡಬೇಕಾಗಿತ್ತು ಎಂದರು. ನೀವು ಸಿಟ್ಟಿನಿಂದ ಆ ಕಾಗದ ಬರೆಯದಿದ್ದರೆ ನಾನು ಶೆಡ್ಡಿಗೆ ಹೋಗುತ್ತಿರಲಿಲ್ಲ. ಇದಕ್ಕೆ ಧನ್ಯವಾದ ಹೇಳಬೇಕೋ ಏನೋ, ಸದ್ಯಕ್ಕೆ ಆಗುತ್ತಿಲ್ಲ.

ಗೀರಿಗಾಗಿ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ಇಳಿಸಿದ್ದೇನೆ. ಅಷ್ಟೇ ಕಳಿಸಿ. ಬೇಡವಾದರೆ ಅದನ್ನೂ ಹೇಳಿ.

ಕಾರಮ್ಮ


೧೮ ಜುಲೈ

ಕಾರಮ್ಮನವರಿಗೆ,

ನಿಮ್ಮ ಪತ್ರಕ್ಕೆ ನಾಲ್ಕು ಸಲ ಉತ್ತರ ಬರೆದೆ. ಬರೆದದ್ದನ್ನೆಲ್ಲ ಹರಿದೆ. ಆಪರೇಷನ್ ಮುಂದೂಡಬೇಡಿ.

ಹಣವನ್ನು ಇಂದು ಬ್ಯಾಂಕಿನಿಂದ ಕಳಿಸಿದ್ದೇನೆ.

ಹಲ್ಲು ಕಟ್ಟುವವನು


೩ ಆಗಸ್ಟ್

ಏನು ಆಟ ಇದು?

ಬ್ಯಾಂಕಿನಿಂದ ಫೋನ್ ಬಂತು, ಹೋದೆ. ಒಪ್ಪಿದ್ದು ಇಳಿಸಿದ ಬೆಲೆ. ಬಂದದ್ದು ಇಳಿಸದ ಬೆಲೆಗಿಂತಲೂ ಹೆಚ್ಚು. ಮ್ಯಾನೇಜರು "ಮೇಡಂ, ಹೆಚ್ಚಿಗೆ ಬಂದಿದೆ" ಎಂದ ಕೂಡಲೇ, ಮುಟ್ಟಬೇಡಿ, ಯಾರಿಗೂ ದಾಟಿಸಬೇಡಿ ಎಂದು ಕೂಗಿದೆ. ಅಲ್ಲೇ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಹೋದ ಸಲವೂ ಶುರುವಾದದ್ದು ಇದೇ ಮಾತಿನಿಂದ. ಇನ್ನು ಎರಡು ದಿನಕ್ಕೆ ಆ ಹೆಚ್ಚಿನದನ್ನು ಇಂಥವರಿಗೆ ದಾಟಿಸಿ ಎಂದು ನಿಮ್ಮ ಕಾಗದ ಬರುತ್ತದೆ, ಅಲ್ಲವೇ?

ಸಾಲದ್ದಕ್ಕೆ ಅದೇ ವಾರ ನಿಮ್ಮ ಸಂಘದ ಉತ್ತರವೂ ಬಂತು. ಟೀಚರಮ್ಮ ಓದಿ ಹೇಳಿದಳು: ಆ ವ್ಯಕ್ತಿ ಏಪ್ರಿಲ್‌ನಿಂದ ನಮ್ಮಲ್ಲಿ ಯಾವ ಹುದ್ದೆಯಲ್ಲೂ ಇಲ್ಲ, ಅವರ ವ್ಯವಹಾರಕ್ಕೆ ನಾವು ಹೊಣೆಯಲ್ಲ. ಏಪ್ರಿಲ್‌ನಿಂದ! ಮೇ ತಿಂಗಳಲ್ಲಿ ನೀವು ನನಗೆ, ಅವರು ಉತ್ತರ ಕೊಡುವುದರಲ್ಲಿ ನಿಧಾನ ಎಂದು ಬರೆದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡದ್ದು ನನಗೆ ಆಗಲೇ ಕಾಣಬೇಕಿತ್ತು. ಕಣ್ಣಿನ ಕಥೆಯನ್ನೆಲ್ಲ ನಿಮ್ಮ ಮುಂದೆ ಬಿಚ್ಚಿಟ್ಟೆನಲ್ಲ, ಅದಕ್ಕೆ ನನಗೆ ನಾನೇ ಹೊಡೆದುಕೊಳ್ಳಬೇಕು.

ಏಜೆಂಟನಿಗೆ ಬರಬೇಡ ಎಂದಿದ್ದೇನೆ. ಶೆಡ್ಡಿಗೆ ಎರಡು ಬೀಗ ಬಿದ್ದಿದೆ. ಬ್ಯಾಂಕಿನವರು ಆ ಹಣವನ್ನು ಮುಟ್ಟದೆ ಇಟ್ಟಿದ್ದಾರೆ. ವಿವರಣೆ ಇದ್ದರೆ ಕೊಡಿ, ಇಲ್ಲದಿದ್ದರೆ ಇದೇ ಕೊನೆಯ ಕಾಗದ.

ಕಾರಮ್ಮ


೧೯ ಆಗಸ್ಟ್

ವಿವರಣೆ ಇದೆ.

ಹೆಚ್ಚಿಗೆ ಕಳಿಸಿದವನು ನಾನೇ. ಯಾರಿಗೂ ದಾಟಿಸಲಿಕ್ಕಲ್ಲ, ನಿಮ್ಮ ಕಣ್ಣಿಗೆ. ಹಾಗೆಂದು ಬರೆದರೆ ಬೇಡ ಎನ್ನುತ್ತೀರೆಂದು ಬರೆಯಲಿಲ್ಲ. ಕಳ್ಳನೂ ಹೀಗೆಯೇ ಶುರುಮಾಡಿದ್ದ ಎಂಬುದು ಹಣ ಹೋದ ಮೇಲೂ ನನಗೆ ಹೊಳೆಯಲಿಲ್ಲ. ಅಷ್ಟು ತಪ್ಪು ನನ್ನದು.

ಸಂಘದ ವಿಷಯ. ಏಪ್ರಿಲ್ ಮೊದಲ ಭಾನುವಾರ ಸಭೆ ಸೇರಿತು. ಅಧ್ಯಕ್ಷರು ಒಂದು ಪತ್ರ ಓದಿದರು. ನಿಮ್ಮ ಮಾರ್ಚ್ ನಾಲ್ಕರ ಪತ್ರ. ಹದಿನೆಂಟು ವರ್ಷ ನಾನು ಆ ಸಂಘದ ಕುರ್ಚಿ ಒರೆಸಿ, ಚಹಾ ಕಾಸಿ, ಪ್ರತಿಯೊಬ್ಬರ ಕಾರಿಗೂ ಬಿಡಿಭಾಗ ಹುಡುಕಿಕೊಟ್ಟವನು. ನಾನಲ್ಲ ಎಂದು ಎದ್ದು ನಿಂತೆ. ಅಧ್ಯಕ್ಷರು, "ನೀವಲ್ಲ ಅಂತ ನಮಗೆ ಗೊತ್ತು, ಆದ್ರೂ ಸಂಘದ ಹೆಸರು ಮುಖ್ಯ" ಎಂದರು. ಗೊತ್ತಿದ್ದೂ ತೆಗೆದರು. ಸಂಘದ ಗ್ಯಾರೇಜಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ನಡೆದುಕೊಂಡು ಮನೆಗೆ ಬಂದೆ.

ನಿಮಗೆ ಹೇಳಲಿಲ್ಲ. ಆ ಪತ್ರ ಬರೆದಾಗ ನಿಮಗೆ ನಿಜ ಗೊತ್ತಿರಲಿಲ್ಲ. ಹೇಳಿದ್ದರೆ ಸುಮ್ಮನೆ ಒಂದು ಭಾರ ಹೊರಿಸಿದಂತಾಗುತ್ತಿತ್ತು. ಈಗ ನೀವು ಕೇಳಿದಿರಿ, ಹೇಳಿದ್ದೇನೆ.

ನನಗೆ ಸಾಕಾಗಿದೆ. ಇಡೀ ಹಣವನ್ನು ವಾಪಸ್ ಕಳಿಸಲು ನಿಮ್ಮ ಬ್ಯಾಂಕಿಗೆ ಹೇಳಿ. ಕಾರು ನಿಮ್ಮಲ್ಲೇ ಇರಲಿ.

ಹಲ್ಲು ಕಟ್ಟುವವನು


೬ ಸೆಪ್ಟೆಂಬರ್

ಹಲ್ಲಿನ ಅಣ್ಣನವರಿಗೆ,

ನಿಮ್ಮ ಕಾಗದವನ್ನು ನಾದಿನಿ ಎರಡು ಸಲ ಓದಿ ಹೇಳಿದಳು, ನನ್ನ ಕಣ್ಣಿಗೆ ಪಟ್ಟಿ ಇತ್ತು. ಆಪರೇಷನ್ ಆಯಿತು. ಟೈಲರ್, ಟೀಚರಮ್ಮ, ಬ್ರೆಡ್ಡಿನವನು ಸೇರಿ ಆಸ್ಪತ್ರೆಗೆ ಕಟ್ಟಿದರು. ಬಾಯಿ ಮುಚ್ಚಿಕೊಂಡಿದ್ದಕ್ಕೆ ದಂಡ ಎಂದು ನಾನೇ ವಸೂಲಿ ಮಾಡಿದೆ. ಕಾರಿನ ಹಣ ಕೈಗೆ ಬಂದ ಕೂಡಲೇ ಅವರದನ್ನು ಹಿಂದಿರುಗಿಸುತ್ತೇನೆ, ಅದು ಬೇರೆ ಮಾತು.

ನಿಮ್ಮ ಕುರ್ಚಿ ಕಿತ್ತವಳು ನಾನು. ಅದು ಗೊತ್ತಿದ್ದೂ ನನಗೆ ಕಾಗದ ಬರೆದಿರಿ, ಆಸೆ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿರಿ, ಹಾವೆಂದರೂ ಸಹಿಸಿದಿರಿ. ನೀವೂ ನಮ್ಮ ಬೀದಿಯವರ ಜಾತಿಯವರೇ, ಎದುರಿನವರಿಗೆ ನೋವಾದೀತೆಂದು ಸತ್ಯವನ್ನು ಗಂಟಲಲ್ಲೇ ಇಟ್ಟುಕೊಳ್ಳುವವರು. ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿಮ್ಮ ಅಧ್ಯಕ್ಷರ ಮೇಲೆ ಬಂದದ್ದು ಅದಕ್ಕಿಂತ ದೊಡ್ಡದು. ಅವರಿಗೆ ಬರೆದಿದ್ದೇನೆ. ಟೀಚರಮ್ಮ ಕೆಲವು ಮಾತುಗಳನ್ನು ತಿರುಗಿಸಲು ಒಪ್ಪಲಿಲ್ಲ, ಉಳಿದದ್ದೇ ಸಾಕು. ಮಾರ್ಚ್ ನಾಲ್ಕರ ಕಾಗದವನ್ನು ಸಭೆಯಲ್ಲಿ ಓದಿದವರು ಇದನ್ನೂ ಸಭೆಯಲ್ಲೇ ಓದಬೇಕು; ಓದದಿದ್ದರೆ ಸಂಘದ ಪ್ರತಿ ಸದಸ್ಯರ ಮನೆಗೂ ಒಂದೊಂದು ಕಳಿಸುತ್ತೇನೆ, ವಿಳಾಸಗಳೆಲ್ಲ ನಿಮ್ಮ ವೆಬ್‌ಸೈಟಿನಲ್ಲೇ ಇವೆ ಎಂದು ಹೇಳಿದ್ದೇನೆ.

ಹೆಚ್ಚಿಗೆ ಬಂದ ಹಣ ನಿಮ್ಮ ಖಾತೆಗೇ ವಾಪಸ್ ಹೊರಟಿದೆ. ಒಪ್ಪಿದ ಬೆಲೆ ಇಲ್ಲಿ ಇದೆ. ಮ್ಯಾನೇಜರು ಬರೆದು ಸಹಿ ಹಾಕಿ ಕೊಟ್ಟರು. ನಿಮ್ಮ ದಯೆಗೂ ಅವನ ಮೋಸಕ್ಕೂ ಹೊರಗಿನಿಂದ ವ್ಯತ್ಯಾಸವೇ ಕಾಣದಂತೆ ಮಾಡಿಟ್ಟಿದ್ದಾನಲ್ಲ ಆ ಕಳ್ಳ, ಅದಕ್ಕೆ ನಾನು ಅವನನ್ನು ಕ್ಷಮಿಸುವುದಿಲ್ಲ. ದುಡ್ಡು ಹೋದದ್ದನ್ನು ಬೇಕಾದರೆ ಕ್ಷಮಿಸಿಯೇನು.

ಕಾರನ್ನು ಬೇರೆ ಯಾರಿಗೂ ಮಾರುವುದಿಲ್ಲ. ಬೇಡ ಎಂದು ಹಟ ಹಿಡಿದರೆ ಮತ್ತೆ ಕೋಳಿಗಳಿಗೆ ಬಿಡುತ್ತೇನೆ.

ಕಾರಮ್ಮ


೨೧ ಸೆಪ್ಟೆಂಬರ್

ಕಾರಮ್ಮನವರಿಗೆ,

ಕೋಳಿಗಳಿಗೆ ಬಿಡಬೇಡಿ. ನೀವು ಆರಿಸಿದ ಏಜೆಂಟರಿಗೆ ಇಂದು ಹಣ ಕಟ್ಟಿದೆ. ಹಡಗಿನ ದಿನವನ್ನು ಅವರೇ ತಿಳಿಸುತ್ತಾರೆ.

ಅಧ್ಯಕ್ಷರು ನಿನ್ನೆ ಮನೆಗೆ ಬಂದಿದ್ದರು. ನಿಮ್ಮ ಪತ್ರವನ್ನು ಸಭೆಯಲ್ಲಿ ನಿಂತು ಓದಬೇಕಾಯಿತಂತೆ. ಮಧ್ಯದಲ್ಲಿ ಎರಡು ಸಲ ನೀರು ಕುಡಿದರಂತೆ. ಮತ್ತೆ ಕಾರ್ಯದರ್ಶಿಯಾಗಿ ಬನ್ನಿ ಎಂದರು. ಸದಸ್ಯನಾಗಿ ಬರುತ್ತೇನೆ, ಚಹಾ ಬೇರೆ ಯಾರಾದರೂ ಕಾಸಲಿ ಎಂದೆ. ವೆಬ್‌ಸೈಟಿನಿಂದ ಎಲ್ಲರ ವಿಳಾಸಗಳನ್ನೂ ತೆಗೆದಿದ್ದಾರೆ.

ಕಣ್ಣಿಗೆ ಹನಿ ಮರೆಯಬೇಡಿ.

ಹಲ್ಲು ಕಟ್ಟುವವನು


೧೦ ಅಕ್ಟೋಬರ್

ಹಲ್ಲಿನ ಅಣ್ಣನವರಿಗೆ,

ಕಾರು ಹೊರಟಿತು. ನಿನ್ನೆ ಬೆಳಿಗ್ಗೆ ಏಜೆಂಟರ ಡ್ರೈವರು ಬಂದ. ಬಂದರಿನ ತನಕ ನಾನೂ ಬರುತ್ತೇನೆ, ಕಡೇ ರಸೀತಿ ನನ್ನ ಕೈಗೆ ಬಂದ ಮೇಲೆಯೇ ಬುಕ್ಕು ಕೊಡುವುದು ಎಂದೆ. ನಾದಿನಿ ಅಂಗಡಿಗೆ ಬೀಗ ಹಾಕಿ ಹೊರಟೇಬಿಟ್ಟಳು. ಮುಂದಿನ ಸೀಟಿನ ತುಂಬ ಅವನ ಸಾಮಾನು, ಫೈಲು. ಹಿಂದೆ ಕೂರಬೇಕಾಯಿತು.

ನನ್ನ ಕಾರಿನಲ್ಲಿ ನಾನು ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ನಿಮಗೆ ಹೇಳಲೇಬೇಕು, ಆ ಸೀಟು ಘೋರವಾಗಿದೆ. ಒಂದು ಸ್ಪ್ರಿಂಗು ಬೆನ್ನಿಗೆ ಚುಚ್ಚುತ್ತದೆ. ಹಳ್ಳ ಬಂದಾಗಲೆಲ್ಲ ತಲೆ ಮೇಲಕ್ಕೆ ಬಡಿಯುತ್ತದೆ. ಇಷ್ಟು ವರ್ಷ ಅಷ್ಟು ಮದುಮಕ್ಕಳು ಅದರ ಮೇಲೆ ಕುಲುಕಾಡಿಕೊಂಡು ಹೋಗಿ, ಇಳಿಯುವಾಗ "ತುಂಬ ಚೆನ್ನಾಗಿತ್ತು ಅಮ್ಮ" ಎಂದಿದ್ದಾರೆ. ಒಬ್ಬಳಾದರೂ ಹೇಳಬಾರದೇ? ನೀವು ಯಾರನ್ನು ಕೂರಿಸಿಕೊಳ್ಳುವ ಮುಂಚೆಯೂ ಆ ಸ್ಪ್ರಿಂಗು ಬದಲಾಯಿಸಿ.

ಡ್ರೈವರು ಗೇರು ಹಾಕುವಾಗಲೆಲ್ಲ ನನ್ನ ಕಾಲು ತಾನಾಗಿ ಕ್ಲಚ್ಚು ಒತ್ತುತ್ತಿತ್ತು. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಫುಟ್‌ಪಾತಿನ ಜನ, ಮದುವೆಯ ಕಾರೆಂದುಕೊಂಡು, ಬಗ್ಗಿ ಒಳಗೆ ನೋಡಿ ಕೈಬೀಸಿದರು. ಇಬ್ಬರು ಮುದುಕಿಯರನ್ನು ಕಂಡು ಅವರ ಕೈ ಅರ್ಧಕ್ಕೇ ನಿಂತಿತು. ನನಗೆ ರೇಗಿತು. ಗಾಜು ಇಳಿಸಿ ನಾನೇ ಕೈಬೀಸಿದೆ. ನಾದಿನಿಯೂ ಬೀಸಿದಳು. ಹಸಿರು ದೀಪ ಬಂದು, ಹಿಂದಿನವರು ಹಾರ್ನ್ ಹೊಡೆಯುವ ತನಕ ಬೀಸಿದೆವು.

ರಸೀತಿ ತೆಗೆದುಕೊಂಡೆ, ಪ್ರತಿ ಸಾಲನ್ನೂ ಓದಿಸಿದೆ, ಬುಕ್ಕು ಮತ್ತು ಕೀಲಿ ಕೊಟ್ಟೆ. ಹಿಂದಿರುಗಿ ನೋಡಲಿಲ್ಲ ಎಂದು ಬರೆಯಬಹುದಿತ್ತು. ಬೇಕಾದಷ್ಟು ನೋಡಿದೆ.

ವಾಪಸ್ ಬಸ್ಸಿನಲ್ಲಿ ಬಂದೆವು. ಕಿಟಕಿಯ ಸೀಟು ಯಾವತ್ತೂ ತನಗೇ ಬೇಕೆಂದು ಜಗಳ ಆಡುವ ನಾದಿನಿ, ನಿನ್ನೆ ಅದನ್ನು ಬಿಟ್ಟು, ನನ್ನನ್ನು ಒಳಕ್ಕೆ ತಳ್ಳಿ ಎಡಗಡೆ ಕೂತಳು. ಇನ್ನು ಮೇಲೆ ಆ ಕಡೆ ತನ್ನದಂತೆ. ಆ ಕಡೆಯಿಂದ ಏನು ಬಂದರೂ ಮುಚ್ಚಿಡದೆ, ಬಂದದ್ದು ಬಂದ ಹಾಗೆ ಹೇಳುತ್ತಾಳಂತೆ. ಮನೆ ಮುಟ್ಟುವ ತನಕ ಹೇಳಿದಳು: ಲಾರಿ, ಹಸು, ಜಗಳವಾಡುತ್ತಿದ್ದ ಗಂಡ ಹೆಂಡತಿ, ಯಾವುದೋ ಅಂಗಡಿಯ ಹೊಸ ಬೋರ್ಡು. ಒಂದನ್ನೂ ಬಿಡಲಿಲ್ಲ. ಸಾಕು ಮಾರಾಯ್ತಿ ಎಂದು ನನಗೆ ಹೇಳಬೇಕು ಅನಿಸಲಿಲ್ಲ.

ಕಾರಮ್ಮ